ಯೂರಿಯಾ ಚೀಲದಲ್ಲಿ 750 ಮೋಲ್: ಪಿಯು ಮಕ್ಕಳು ಎಡವುವ ಲೆಕ್ಕವೇ ಗೊಬ್ಬರದಂಗಡಿ ಮುಂದೆಯೂ ಬೇಕು

ಹಾವೇರಿ: ಜೂನ್ ಬಂತಂದ್ರೆ ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಎರಡು ಸಾಲು ಕಣ್ಣಿಗೆ ಬೀಳುತ್ತವೆ. ಒಂದು ಪಿಯು ಕಾಲೇಜಿನ ಕಚೇರಿ ಮುಂದೆ, ಅಂಕಪಟ್ಟಿ ಹಿಡಿದವರ ಸಾಲು. ಇನ್ನೊಂದು ಗೊಬ್ಬರದಂಗಡಿ ಮುಂದೆ, ಆಧಾರ್ ಕಾರ್ಡ್ ಹಿಡಿದವರ ಸಾಲು. ಎಷ್ಟೋ ಮನೆಗಳಲ್ಲಿ ಮಗಳು ಮೊದಲನೇ ಸಾಲಿನಲ್ಲಿ, ಅಪ್ಪ ಎರಡನೇ ಸಾಲಿನಲ್ಲಿ.

ಗೊಬ್ಬರದ ವಿಷಯವನ್ನು ಈ ಜಿಲ್ಲೆ ಹಗುರವಾಗಿ ತೆಗೆದುಕೊಂಡಿದ್ದೇ ಇಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸ್ ಗುಂಡು ಹಾರಿ ಇಬ್ಬರು ರೈತರು ಜೀವ ಕಳೆದುಕೊಂಡರು. 2025ರ ಮುಂಗಾರಿನಲ್ಲೂ ಯೂರಿಯಾ ಸಿಗದೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ರೈತರು ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತರು. ಗಲಾಟೆ, ಪ್ರತಿಭಟನೆ, ಆರೋಪ ಎಲ್ಲ ಆಯಿತು. ಚೀಲದೊಳಗೆ ಏನು ಎಷ್ಟಿದೆ, ಹೊಲಕ್ಕೆ ನಿಜಕ್ಕೂ ಎಷ್ಟು ಬೇಕು, ಅದರ ಬದಲಿಗೆ ಕೊಡುವ ಬಾಟಲಿಯಲ್ಲಿ ಎಷ್ಟಿದೆ ಎಂಬ ಲೆಕ್ಕ ಮಾತ್ರ ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಆ ಲೆಕ್ಕ ಇರುವುದು ಮೊದಲ ಪಿಯು ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲಿ. ಹೆಸರು ಮೋಲ್. ಅದೇ ಅಧ್ಯಾಯದಲ್ಲಿ ಮಕ್ಕಳು ಎಡವುತ್ತಾರೆ. ವಿಜ್ಞಾನ ಸೇರಿದ ಮಗು ‘ನನಗೆ ಇದು ಆಗಲ್ಲ, ಕಾಮರ್ಸ್‌ಗೆ ಹೋಗ್ತೀನಿ’ ಅಂತ ಮನೆಗೆ ಬಂದರೆ, ಅದಕ್ಕೆ ಮುಂಚಿನ ವಾರಗಳಲ್ಲಿ ನಡೆದ ಪಾಠ ಬಹುತೇಕ ಇದೇ ಆಗಿರುತ್ತದೆ.

ಎಡವುವುದು ಎಲ್ಲಿ?

ತಾಲ್ಲೂಕಿನ ಹೆಚ್ಚಿನ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು. ಪಿಯು ವಿಜ್ಞಾನಕ್ಕೆ ಬಂದ ಕೂಡಲೇ ಪುಸ್ತಕ ಇಂಗ್ಲಿಷ್, ಪಾಠ ಇಂಗ್ಲಿಷ್. ಭಾಷೆ ಬದಲಾದ ವಾರವೇ ಮೋಲ್ ಬರುತ್ತದೆ. ಮೊದಲಾದರೆ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ಪುಸ್ತಕದಲ್ಲಿ ಮೋಲ್ ಬಗ್ಗೆ ಒಂದಿಷ್ಟು ಪುಟಗಳಿದ್ದವು. 2022ರಲ್ಲಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಅವನ್ನು ಕೈಬಿಡಲಾಯಿತು. ಹೊರೆ ಇಳಿದದ್ದು ಒಂಬತ್ತನೇ ತರಗತಿಯ ಹೆಗಲಿನಿಂದ. ಅದು ಹೋಗಿ ಕೂತದ್ದು ಹನ್ನೊಂದನೇ ತರಗತಿಯ ಮೊದಲ ತಿಂಗಳ ಮೇಲೆ. ಸಿಇಟಿಯಲ್ಲಿ ರಸಾಯನಶಾಸ್ತ್ರಕ್ಕೆ 60 ಪ್ರಶ್ನೆ, ನೀಟ್‌ನಲ್ಲಿ 45. ದ್ರಾವಣ, ಅನಿಲ, ಆಮ್ಲ-ಪ್ರತ್ಯಾಮ್ಲ, ವಿದ್ಯುದ್ರಸಾಯನ, ಯಾವ ಲೆಕ್ಕ ತೆಗೆದರೂ ಒಳಗೆ ಮೋಲ್ ಕೂತಿರುತ್ತದೆ. ಇಲ್ಲಿ ಕಾಲು ಜಾರಿದವರಿಗೆ ಮುಂದಿನ ಎರಡು ವರ್ಷವೂ ಜಾರುದಾರಿಯೇ.

ಹೊಸ ಭಾಷೆ, ಹೊಸ ಪಾಠದ ಜೊತೆಗೆ ಕಲಿಸುವ ಕ್ರಮದ್ದೂ ಒಂದು ತೊಡಕಿದೆ. ಮೊದಲ ದಿನವೇ ಬೋರ್ಡ್ ಮೇಲೆ ಒಂದು ಸೂತ್ರ ಬೀಳುತ್ತದೆ: ತೂಕವನ್ನು ಅಣುತೂಕದಿಂದ ಭಾಗಿಸಿದರೆ ಮೋಲ್. ಜೊತೆಗೆ ಒಂದು ಸಂಖ್ಯೆ, 6022ರ ಮುಂದೆ 20 ಸೊನ್ನೆ. ಮಗು ಎರಡನ್ನೂ ಬಾಯಿಪಾಠ ಮಾಡುತ್ತದೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಯಾವುದನ್ನು ಯಾವುದರಿಂದ ಭಾಗಿಸಬೇಕು, ಯಾವಾಗ ಗುಣಿಸಬೇಕು ಅನ್ನೋದು ತಿಳಿಯದೆ ಕೈಚೆಲ್ಲುತ್ತದೆ. ಮೋಲ್ ಅಂದ್ರೆ ಎಣಿಕೆ, ಡಜನ್ ಇದ್ದ ಹಾಗೆ ಎಂಬ ಮಾತನ್ನು ಪಾಠದಲ್ಲಿ ಹೇಳಿಯೂ ಇರುತ್ತಾರೆ. ಆದರೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುತ್ತಾರೆ.

ಪೇಟೆಯವರಿಗೆ ಈ ಲೆಕ್ಕ ಹೊಸದಲ್ಲ

ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯನ್ನು ಯಾರೂ ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾರೆ. ಬಡಗಿಗೆ ಬೇಕಿರುವುದು ಎಣಿಕೆ, ಅಂಗಡಿಯಲ್ಲಿ ಇರುವುದು ತಕ್ಕಡಿ. ‘ಈ ಸೈಜಿನದು ಕೆಜಿಗೆ ಇಷ್ಟು ಬರ್ತವೆ’ ಎಂಬ ಅಂಗಡಿಯವರ ಮಾತೇ ಎರಡನ್ನೂ ಜೋಡಿಸುವುದು. ರಸಾಯನಶಾಸ್ತ್ರದಲ್ಲೂ ಅಷ್ಟೇ. ಪರಮಾಣುಗಳನ್ನು ಎಣಿಸಲು ಆಗುವುದಿಲ್ಲ, ತೂಗಲು ಬರುತ್ತದೆ. ಇಂಗಾಲ 12 ಗ್ರಾಂ ತೂಗಿದರೆ ಅದರಲ್ಲಿ ಒಂದು ಮೋಲ್ ಪರಮಾಣು. ಆಮ್ಲಜನಕದ ಪರಮಾಣು ಅದಕ್ಕಿಂತ ಭಾರ, ಹಾಗಾಗಿ ಅಷ್ಟೇ ಎಣಿಕೆಗೆ 16 ಗ್ರಾಂ ಬೇಕು. ಸಾರಜನಕಕ್ಕೆ 14, ಜಲಜನಕಕ್ಕೆ 1. ದೊಡ್ಡ ಮೊಳೆಯ ನೂರಕ್ಕೆ ಹೆಚ್ಚು ತೂಕ, ಸಣ್ಣ ಮೊಳೆಯ ನೂರಕ್ಕೆ ಕಡಿಮೆ ತೂಕ. ನೂರು ಮಾತ್ರ ನೂರೇ. (2019ರ ಮೇ 20ರಿಂದ ಮೋಲ್‌ನ ವ್ಯಾಖ್ಯೆಯೂ ತೂಕದ ಹಂಗು ಬಿಟ್ಟು, ಇಂತಿಷ್ಟು ಕಣ ಎಂಬ ನೇರ ಎಣಿಕೆಯೇ ಆಗಿದೆ. ಅಂಗಡಿಯವರ ದಾರಿಗೇ ವಿಜ್ಞಾನಿಗಳೂ ಬಂದರು ಅನ್ನಬಹುದು.)

ಇನ್ನು ರಾಸಾಯನಿಕ ಕ್ರಿಯೆ. ಇದಕ್ಕೆ ತಾಂಬೂಲಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಎರಡು ಎಲೆ, ಒಂದು ಅಡಿಕೆ ಸೇರಿದರೆ ಒಂದು ತಾಂಬೂಲ. ಮದುವೆ ಮನೆಯವರು ನೂರರ ಕಟ್ಟು ಮೂರು ಎಲೆ ತಂದರು, ಒಂದು ಕೆಜಿ ಅಡಿಕೆ ತಂದರು. ಒಂದು ಅಡಿಕೆ 8 ಗ್ರಾಂ ಎಂದುಕೊಂಡರೆ ಕೆಜಿಗೆ 125 ಅಡಿಕೆ. ಎಲೆ ನೋಡಿದರೆ 150 ತಾಂಬೂಲ ಆಗಬೇಕು, ಅಡಿಕೆ ನೋಡಿದರೆ 125 ಮಾತ್ರ. ಆಗುವುದು 125. ಎಲೆ 50 ಉಳಿಯುತ್ತವೆ. ಯಾವುದು ಮೊದಲು ಖಾಲಿಯಾಗುತ್ತದೋ ಅದು ಹೇಳಿದಷ್ಟೇ ತಾಂಬೂಲ. ಪಿಯು ಪುಸ್ತಕದಲ್ಲಿ ಇದಕ್ಕೆ ಲಿಮಿಟಿಂಗ್ ರಿಯೇಜೆಂಟ್ ಎಂಬ ಭಾರೀ ಹೆಸರಿದೆ. ಹೆಸರಿಗೆ ಹೆದರುವ ಮಗು ಲೆಕ್ಕಕ್ಕೆ ಹೆದರುವುದಿಲ್ಲ, ಬೇಕಾದರೆ ಮನೆಯಲ್ಲಿ ಕೇಳಿ ನೋಡಲಿ.

ಗಮನಿಸಬೇಕಾದ್ದು ಇಷ್ಟು: ಎಲೆ-ಅಡಿಕೆಯ ಲೆಕ್ಕದಲ್ಲಿ ತೂಕವನ್ನು ತೂಕಕ್ಕೆ ನೇರವಾಗಿ ಯಾರೂ ಹೋಲಿಸಲಿಲ್ಲ. ಮೊದಲು ತೂಕವನ್ನು ಎಣಿಕೆ ಮಾಡಿಕೊಂಡರು, ಆಮೇಲೆ ಎರಡಕ್ಕೆ ಒಂದು ಎಂಬ ಪ್ರಮಾಣ ನೋಡಿದರು. ಮಕ್ಕಳು ಅಂಕ ಕಳೆದುಕೊಳ್ಳುವುದು ಇದನ್ನು ಬಿಟ್ಟಾಗ. ಸಮೀಕರಣದಲ್ಲಿ ‘ಎರಡು’ ಎಂದು ಕಂಡರೆ ಎರಡು ಗ್ರಾಂ ಎಂದು ಓದುತ್ತಾರೆ. ಅದು ಎರಡು ಗ್ರಾಂ ಅಲ್ಲ, ಎರಡು ಮೋಲ್.

ತಾಂಬೂಲಕ್ಕೆ ಸುಣ್ಣವೂ ಬೇಕಲ್ಲ, ಅದರದ್ದೂ ಒಂದು ಲೆಕ್ಕ ನೋಡಿಬಿಡೋಣ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಭಟ್ಟಿಯಲ್ಲಿ ಸುಣ್ಣದ ಕಲ್ಲು ಸುಟ್ಟರೆ ಸುಟ್ಟ ಸುಣ್ಣವೂ ಇಂಗಾಲದ ಡೈಆಕ್ಸೈಡ್ ಅನಿಲವೂ ಬರುತ್ತವೆ. ಒಂದಕ್ಕೆ ಒಂದು, ಒಂದು. ಸುಣ್ಣದ ಕಲ್ಲಿನ ಒಂದು ಮೋಲ್ ತೂಕ 100 ಗ್ರಾಂ, ಸುಟ್ಟ ಸುಣ್ಣದ್ದು 56, ಅನಿಲದ್ದು 44. ಅಂದರೆ 100 ಕೆಜಿ ಅಪ್ಪಟ ಕಲ್ಲು ಹಾಕಿದರೆ ಕೈಗೆ ಬರುವುದು 56 ಕೆಜಿ ಸುಣ್ಣ. ಕಲ್ಲಿನಲ್ಲಿ ನೂರಕ್ಕೆ ಹತ್ತು ಪಾಲು ಮಣ್ಣು-ಮಸಿ ಇದ್ದರೆ ಲೆಕ್ಕಕ್ಕೆ ಬರುವ ಕಲ್ಲು 90 ಕೆಜಿ, ಸುಣ್ಣ 50.4 ಕೆಜಿ. ಭಟ್ಟಿಯವರು ತೂಕದಲ್ಲಿ ಕದ್ದರು ಎಂದು ಜಗಳ ತೆಗೆಯುವ ಮುಂಚೆ 44 ಕೆಜಿ ಹೊಗೆಗೂಡಿನಿಂದ ಹೋಯಿತು ಅನ್ನೋದು ಗೊತ್ತಿರಬೇಕು.

ಚೀಲ ಬಿಚ್ಚಿದರೆ

ಈಗ ಯೂರಿಯಾಕ್ಕೆ ಬರೋಣ. ಅದರ ಒಂದು ಅಣುವಿನಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ತೂಕ ಕೂಡಿಸಿದರೆ 12 + 16 + 28 + 4, ಒಟ್ಟು 60. ಹಾಗಾಗಿ 60 ಗ್ರಾಂ ಯೂರಿಯಾ ಎಂದರೆ ಒಂದು ಮೋಲ್.

2018ರಿಂದ ಯೂರಿಯಾ ಚೀಲ 50 ಕೆಜಿ ಇದ್ದದ್ದು 45 ಕೆಜಿ ಆಗಿದೆ. 45,000 ಗ್ರಾಂ ಅನ್ನು 60ರಿಂದ ಭಾಗಿಸಿದರೆ 750 ಮೋಲ್. ಇಷ್ಟು ಚೊಕ್ಕ ಲೆಕ್ಕ ಪಠ್ಯಪುಸ್ತಕದಲ್ಲೂ ಸಿಗುವುದು ಅಪರೂಪ. ಪ್ರತಿ ಅಣುವಿನಲ್ಲಿ ಎರಡು ಸಾರಜನಕ ಇರುವುದರಿಂದ ಸಾರಜನಕ 1,500 ಮೋಲ್, ತೂಕದಲ್ಲಿ 21 ಕೆಜಿ. ಚೀಲದ ಮೇಲೆ ‘46% ಸಾರಜನಕ’ ಎಂದು ಮುದ್ರಿಸಿರುತ್ತಾರೆ. ಆ ಪ್ರಕಾರ 20.7 ಕೆಜಿ. ಲೆಕ್ಕ ಹೇಳುವುದು 46.67%, ಚೀಲ ಹೇಳುವುದು 46%. ತೇವ, ಬೇವಿನ ಎಣ್ಣೆಯ ಲೇಪ ಇತ್ಯಾದಿಗೆ ಬಿಟ್ಟ ಸಣ್ಣ ಅಂತರ ಅದು, ಮೋಸವಲ್ಲ.

ರೈತ ದುಡ್ಡು ಕೊಡುವುದು ಈ 20.7 ಕೆಜಿಗೆ. ಚೀಲಕ್ಕೆ ₹266.50 ಎಂದರೆ ಒಂದು ಕೆಜಿ ಸಾರಜನಕಕ್ಕೆ ಸುಮಾರು ₹12.87. ಸರ್ಕಾರದ ಸಬ್ಸಿಡಿ ಕಳೆದ ಮೇಲಿನ ದರ ಇದು, ತಯಾರಿಕೆಯ ವೆಚ್ಚ ಇದಕ್ಕಿಂತ ಬಹಳ ಹೆಚ್ಚು.

ಡಿಎಪಿ ಚೀಲದ ಮೇಲಿನ 18-46 ಇನ್ನೊಂದು ಕತೆ. 18 ಎಂದರೆ ಸಾರಜನಕ, ಸರಿ. 46 ಎಂದರೆ ರಂಜಕ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಬರೀ ರಂಜಕವಲ್ಲ. ಹಳೆಯ ರೂಢಿಯಂತೆ ರಂಜಕವನ್ನು ಅದರ ಆಕ್ಸೈಡ್ ರೂಪದಲ್ಲಿ ಬರೆಯುತ್ತಾರೆ. ಆ ಆಕ್ಸೈಡಿನ 142 ಗ್ರಾಂನಲ್ಲಿ ರಂಜಕ 62 ಗ್ರಾಂ ಮಾತ್ರ. ಹಾಗಾಗಿ 50 ಕೆಜಿ ಚೀಲದಲ್ಲಿ ಲೇಬಲ್ ಪ್ರಕಾರ 23 ಕೆಜಿ, ನಿಜವಾದ ರಂಜಕ ಸುಮಾರು 10 ಕೆಜಿ. ಇದರಿಂದ ರೈತನಿಗೆ ನಷ್ಟವೇನಿಲ್ಲ, ಏಕೆಂದರೆ ಕೃಷಿ ಇಲಾಖೆಯ ಶಿಫಾರಸೂ ಅದೇ ಆಕ್ಸೈಡ್ ಲೆಕ್ಕದಲ್ಲಿರುತ್ತದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ ಯಾವ ಲೆಕ್ಕ ಬರೆದಿದ್ದಾರೆ ಅನ್ನೋದನ್ನು ಮಾತ್ರ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಎಕರೆ ಗೋವಿನಜೋಳ ತೆಗೆದುಕೊಳ್ಳಿ. ಹೆಕ್ಟೇರಿಗೆ 100 ಕೆಜಿ ಸಾರಜನಕ ಬೇಕು ಎಂದುಕೊಂಡರೆ ಎಕರೆಗೆ 40 ಕೆಜಿ. (ನಿಮ್ಮ ಹೊಲದ ಪ್ರಮಾಣ ಮಣ್ಣು, ನೀರು, ತಳಿ ನೋಡಿ ಬದಲಾಗುತ್ತದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.) ಬಿತ್ತುವಾಗ ಒಂದು ಚೀಲ ಡಿಎಪಿ ಹಾಕಿದರೆ 9 ಕೆಜಿ ಸಾರಜನಕ ಬಂತು. ಉಳಿದದ್ದು 31 ಕೆಜಿ. ಒಂದೂವರೆ ಚೀಲ ಯೂರಿಯಾದಲ್ಲಿ 31.05 ಕೆಜಿ. ಮುಗಿಯಿತು. ಪಕ್ಕದ ಹೊಲದವರು ಮೂರು ಚೀಲ ಹಾಕಿದರು ಅಂತ ಇವರೂ ಮೂರು ಹಾಕಿದರೆ ಎಲೆ ಹಸಿರಾಗಿ ಕಾಣುತ್ತದೆ, ನಿಜ. ಅತಿಯಾದ ಸಾರಜನಕಕ್ಕೆ ಗಿಡ ಮೆದುವಾಗಿ ಬಾಗುತ್ತದೆ, ಹುಳದ ಕಾಟ ಹೆಚ್ಚುತ್ತದೆ, ಮತ್ತು ಸಾಲಿನ ಕೊನೆಯಲ್ಲಿ ನಿಂತವರಿಗೆ ಚೀಲವೇ ಸಿಗುವುದಿಲ್ಲ. ಕೊರತೆಗೆ ಪೂರೈಕೆ ಕಾರಣವಾದಷ್ಟೇ ಈ ಕೈಯಂದಾಜೂ ಕಾರಣ ಅನ್ನಲು ಯಾರೂ ಮುಂದೆ ಬರುವುದಿಲ್ಲ. ಹೇಳಿದರೆ ಮತ ಹೋಗುತ್ತದೆ, ಗಿರಾಕಿ ಹೋಗುತ್ತಾನೆ.

ಬಾಟಲಿಯೊಳಗೆ ಎಷ್ಟು?

‘ಯೂರಿಯಾ ಬೇಕಂದ್ರೆ ಜೊತೆಗೆ ನ್ಯಾನೋ ಬಾಟಲಿನೂ ತಗೋರಿ’ ಎಂಬ ಮಾತು ಕೇಳದ ರೈತರು ಕಡಿಮೆ. ಅಂಗಡಿಯವರನ್ನು ಕೇಳಿದರೆ, ಮೇಲಿನಿಂದ ಹಾಗೇ ಬರುತ್ತೆ, ನಮಗೂ ಬೇರೆ ದಾರಿ ಇಲ್ಲ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸಂಕಟ ಇದೆ. ಲೆಕ್ಕ ಏನು ಹೇಳುತ್ತದೆ ನೋಡಬೇಕು.

2021ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೋ ಯೂರಿಯಾದ 500 ಮಿಲಿ ಬಾಟಲಿಯಲ್ಲಿ ಸಾರಜನಕ 4%. ಅಂದರೆ 20 ಗ್ರಾಂ. ಒಂದು ಚೀಲದಲ್ಲಿ 20.7 ಕೆಜಿ. ಮೋಲ್ ಲೆಕ್ಕದಲ್ಲಿ ಹೇಳುವುದಾದರೆ ಚೀಲದಲ್ಲಿ ಸುಮಾರು 1,500 ಮೋಲ್ ಸಾರಜನಕ, ಬಾಟಲಿಯಲ್ಲಿ ಒಂದೂವರೆ ಮೋಲ್‌ಗಿಂತ ಸ್ವಲ್ಪ ಕಡಿಮೆ. ಸಾವಿರ ಪಟ್ಟು ವ್ಯತ್ಯಾಸ. ಆಮೇಲೆ ಬಂದ ಬಾಟಲಿಯಲ್ಲಿ ಪ್ರಮಾಣ ಹೆಚ್ಚಿಸಿದ್ದಾರೆ. 20% ಎಂದು ಹಿಡಿದರೂ 100 ಗ್ರಾಂ.

ಬಾಟಲಿಯ ಪರ ಇರುವ ವಾದವನ್ನೂ ಕೇಳಬೇಕು. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಬಹುಪಾಲು ಹಾಳಾಗುತ್ತದೆ, ಎಲೆಗೆ ಸಿಂಪಡಿಸಿದ್ದು ನೇರವಾಗಿ ಗಿಡಕ್ಕೆ ಸೇರುತ್ತದೆ, ಆದ್ದರಿಂದ ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂಬುದು ಆ ವಾದ. ಮೊದಲ ಅರ್ಧ ಸರಿ. ಮಣ್ಣಿಗೆ ಹಾಕಿದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಬೆಳೆಗೆ ಸೇರಿತು ಎಂದೇ ಇಟ್ಟುಕೊಳ್ಳೋಣ. ಅದು 6.9 ಕೆಜಿ. ಬಾಟಲಿಯದ್ದು ಒಂದು ಹನಿಯೂ ಹಾಳಾಗದೆ ಪೂರ್ತಿ ಸೇರಿತು ಎಂದುಕೊಳ್ಳೋಣ. ಅದು 20 ಗ್ರಾಂ. ಆಗಲೂ 345 ಪಟ್ಟು ವ್ಯತ್ಯಾಸ ಉಳಿಯುತ್ತದೆ. 100 ಗ್ರಾಂ ಬಾಟಲಿಯಾದರೆ 69 ಪಟ್ಟು.

ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ಗೋವಿನಜೋಳದ ಕಾಳಿನಲ್ಲಿ ನೂರಕ್ಕೆ ಸುಮಾರು 1.4 ಪಾಲು ಸಾರಜನಕ. 20 ಕ್ವಿಂಟಲ್ ಕಾಳು ಮಾರಿದರೆ ಹೊಲದಿಂದ ಸುಮಾರು 28 ಕೆಜಿ ಸಾರಜನಕ ಲಾರಿ ಹತ್ತಿ ಹೋಯಿತು ಎಂದರ್ಥ. ಅದು ಎಲ್ಲಿಂದಲಾದರೂ ಬರಲೇಬೇಕು. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಬಾಟಲಿಯಿಂದ ಬಾರದಿದ್ದರೆ ಮಣ್ಣಿನಲ್ಲಿ ಮೊದಲೇ ಇದ್ದ ದಾಸ್ತಾನಿನಿಂದ ಬಂದಿರುತ್ತದೆ. ಒಂದೆರಡು ವರ್ಷ ಇಳುವರಿ ಇಳಿಯದೇ ಇರಬಹುದು. ಬ್ಯಾಂಕಿನಲ್ಲಿ ಠೇವಣಿ ಇದ್ದವರು ದುಡಿಯದೆ ಒಂದೆರಡು ವರ್ಷ ಉಣ್ಣಬಹುದಲ್ಲ, ಹಾಗೆ.

ತಯಾರಕರು ತಮ್ಮ ಹೊಲ ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿದೆ ಎನ್ನುತ್ತಾರೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಮೇಲುಗೊಬ್ಬರದ ಬದಲು ನ್ಯಾನೋ ಸಿಂಪಡಿಸಿದಾಗ ಭತ್ತ ಮತ್ತು ಗೋಧಿ ಇಳುವರಿ ಕುಸಿಯಿತು. ಎಲೆ ಹಳದಿಯಾದಾಗ ಸಿಂಪಡಣೆಯಿಂದ ತಾತ್ಕಾಲಿಕ ಸಹಾಯ ಆಗಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ‘ಚೀಲಕ್ಕೆ ಬದಲಿ’ ಎಂಬ ಮಾತು ಮಾತ್ರ ಮೊದಲ ಪಿಯು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ₹225ಕ್ಕೆ 20 ಗ್ರಾಂ ಎಂದರೆ ಕೆಜಿ ಸಾರಜನಕಕ್ಕೆ ₹11,250 ಆಯಿತು. 100 ಗ್ರಾಂ ಎಂದರೆ ₹2,250. ಚೀಲದಲ್ಲಿ ಅದೇ ಕೆಜಿಗೆ ₹12.87.

ಗಾಳಿಗೆ ಹೋಗುವ ದುಡ್ಡು

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಏನಾಗುತ್ತದೆ? ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಒಂದು ಯೂರಿಯಾ ಅಣು ಒಂದು ನೀರಿನ ಅಣುವಿನ ಜೊತೆ ಸೇರಿ ಎರಡು ಅಮೋನಿಯಾ, ಒಂದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದು ಚೀಲಕ್ಕೆ ಇದರ ಕಿರ್ದಿ ಬರೆದರೆ ಹೀಗೆ ಬರುತ್ತದೆ:

ಜಮಾ: ಯೂರಿಯಾ 750 ಮೋಲ್, 45 ಕೆಜಿ. ನೀರು 750 ಮೋಲ್, 13.5 ಕೆಜಿ. ಒಟ್ಟು 58.5 ಕೆಜಿ.
ಖರ್ಚು: ಅಮೋನಿಯಾ 1,500 ಮೋಲ್, 25.5 ಕೆಜಿ. ಇಂಗಾಲದ ಡೈಆಕ್ಸೈಡ್ 750 ಮೋಲ್, 33 ಕೆಜಿ. ಒಟ್ಟು 58.5 ಕೆಜಿ.

ಎರಡೂ ಕಡೆ ತಾಳೆ. ಮೋಲ್ ಮಾತ್ರ ತಾಳೆಯಾಗಿಲ್ಲ ನೋಡಿ: ಆ ಕಡೆ 1,500, ಈ ಕಡೆ 2,250. ತಾಳೆಯಾಗಬೇಕಾದ್ದು ಪರಮಾಣು ಮತ್ತು ತೂಕ. ಅಣುಗಳ ಎಣಿಕೆ ತಾಳೆಯಾಗಲೇಬೇಕೆಂದಿಲ್ಲ. ಮುನ್ನೂರು ಎಲೆ ಎಣಿಸಿ ತಂದು ನೂರೈವತ್ತು ತಾಂಬೂಲ ಕಟ್ಟಿದರೆ ಅರ್ಧ ಮಾಯವಾಯಿತು ಅಂತ ಯಾರೂ ಅನ್ನುವುದಿಲ್ಲವಲ್ಲ. ಮಕ್ಕಳು ಗೊಂದಲಕ್ಕೆ ಬೀಳುವ ಇನ್ನೊಂದು ಜಾಗ ಇದು.

ಹೊಲದ ವಿಷಯಕ್ಕೆ ಬಂದರೆ, ಅಮೋನಿಯಾ ಅನಿಲ. ಮಣ್ಣಿನೊಳಗೆ ಇದ್ದರೆ ನೀರಿನಲ್ಲಿ ಕರಗಿ, ಮಣ್ಣಿಗೆ ಅಂಟಿ, ಬೇರಿಗೆ ಸಿಗುತ್ತದೆ. ಮೇಲೇ ಬಿದ್ದಿದ್ದರೆ ಗಾಳಿಗೆ ಹೋಗುತ್ತದೆ. ಅಲ್ಪ ತೇವದ ನೆಲಕ್ಕೆ ಮೇಲುಗೊಬ್ಬರ ಎರಚಿ, ಮುಚ್ಚದೆ, ಮಳೆಯೂ ಬಾರದೆ ನಾಲ್ಕು ದಿನ ಬಿಸಿಲು ಬಿದ್ದರೆ ನಷ್ಟ ಇಲ್ಲಿಯೇ. ಕಾಲು ಪಾಲು ಹಾರಿತು ಎಂದುಕೊಂಡರೂ ಚೀಲಕ್ಕೆ 5 ಕೆಜಿ ಸಾರಜನಕ ಹೋಯಿತು. ಬೇವು ಲೇಪನ ಇದೆಯಲ್ಲ ಅನ್ನಬಹುದು. ಆ ಲೇಪನ ತಡೆಯುವುದು ಮುಂದಿನ ಹಂತವನ್ನು, ಅಂದರೆ ಅಮೋನಿಯಂ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುವುದನ್ನು. ಎಡೆ ಹೊಡೆಯುವ ಮುಂಚೆ ಗೊಬ್ಬರ ಹಾಕಿ ಮಣ್ಣು ಮುಚ್ಚಿಸುವ ಹಿರಿಯರ ಪದ್ಧತಿಗೆ ಕಾರಣ ಇದೇ ಸಮೀಕರಣ.

ಯೂರಿಯಾ ತಯಾರಾಗುವ ಕಡೆಯೂ ಒಂದು ‘ಮೊದಲು ಖಾಲಿಯಾಗುವ’ ವಸ್ತು ಇದೆ. ಒಂದು ಸಾರಜನಕ ಅಣು, ಮೂರು ಜಲಜನಕ ಅಣು ಸೇರಿ ಎರಡು ಅಮೋನಿಯಾ. ಸಾರಜನಕಕ್ಕೆ ಬರವಿಲ್ಲ, ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ. ಜಲಜನಕ ಬರುವುದು ನೈಸರ್ಗಿಕ ಅನಿಲದಿಂದ. ಒಂದು ಚೀಲ ಯೂರಿಯಾಗೆ 1,500 ಮೋಲ್ ಅಮೋನಿಯಾ, ಅದಕ್ಕೆ 2,250 ಮೋಲ್ ಜಲಜನಕ, ಅದನ್ನು ತೆಗೆಯಲು ಕನಿಷ್ಠ 562.5 ಮೋಲ್ ಅಂದರೆ 9 ಕೆಜಿ ಮೀಥೇನ್. ಕಾರ್ಖಾನೆಯ ಉರಿಗೆ ಬೇಕಾಗುವ ಅನಿಲ ಬೇರೆ. ಆ ಅನಿಲದಲ್ಲಿ ದೊಡ್ಡ ಪಾಲನ್ನು ದೇಶ ಕತಾರ್ ಮುಂತಾದ ಕಡೆಯಿಂದ ಹಡಗಿನಲ್ಲಿ ತರಿಸುತ್ತದೆ. ಪಶ್ಚಿಮ ಏಷ್ಯಾದಲ್ಲಿ ಯುದ್ಧ ಎಂದಾಗ ಪಣಂಬೂರಿನ ಗೊಬ್ಬರ ಕಾರ್ಖಾನೆಯಿಂದ ಹಿಡಿದು ರಾಣೆಬೆನ್ನೂರಿನ ಅಂಗಡಿವರೆಗೆ ಎಲ್ಲರೂ ಕಿವಿ ನಿಮಿರಿಸುವುದು ಇದಕ್ಕೇ.

ಒಲೆಯ ಮುಂದೆ

ಹೋಟೆಲ್, ಖಾನಾವಳಿಯವರಿಗೂ ಒಂದು ಲೆಕ್ಕ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ. ಎಲ್ಲವೂ ಬ್ಯೂಟೇನ್ ಎಂದುಕೊಂಡರೆ ಸುಮಾರು 245 ಮೋಲ್. ಪೂರ್ತಿ ಉರಿದರೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 43 ಕೆಜಿ, ನೀರಿನ ಆವಿ 22 ಕೆಜಿ. 14 ಕೆಜಿಯಿಂದ 65 ಕೆಜಿ ಹೇಗೆ ಬಂತು? ಉಳಿದ 51 ಕೆಜಿ ಅಡುಗೆಮನೆಯ ಗಾಳಿಯಿಂದ ಬಂದ ಆಮ್ಲಜನಕ. ಗಾಳಿ ಸಾಲದಿದ್ದರೆ ಅಲ್ಲಿ ಮೊದಲು ಖಾಲಿಯಾಗುವುದು ಆಮ್ಲಜನಕ. ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಡೈಆಕ್ಸೈಡ್ ಬದಲು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿ ಬಾಗಿಲು ಮುಚ್ಚಿಕೊಂಡವರು ಸತ್ತ ಸುದ್ದಿ ರಾಜ್ಯದಲ್ಲಿ ಪದೇ ಪದೇ ಬರುತ್ತಿದೆ. ಲಿಮಿಟಿಂಗ್ ರಿಯೇಜೆಂಟ್ ಪ್ರಶ್ನೆಗೆ ಮೂರು ಅಂಕ ಅಂತ ಮಾತ್ರ ತಿಳಿದ ಮಗು ಅದೇ ಬಚ್ಚಲಿನಲ್ಲಿ ಸ್ನಾನ ಮಾಡುತ್ತದೆ.

ಏನು ಮಾಡಬಹುದು?

ಪಿಯು ಮಕ್ಕಳಿಗೆ ಈ ಅಧ್ಯಾಯ ಹಿಡಿತಕ್ಕೆ ಬರಲು ದೊಡ್ಡ ಕೋಚಿಂಗ್ ಬೇಕಿಲ್ಲ. ಯಾವ ಲೆಕ್ಕವಾದರೂ ದಾರಿ ಒಂದೇ: ಸಮೀಕರಣ ಸರಿದೂಗಿಸು, ಕೊಟ್ಟ ತೂಕವನ್ನು ಮೋಲ್ ಮಾಡು, ಪ್ರಮಾಣ ನೋಡಿ ಕೇಳಿದ ವಸ್ತುವಿನ ಮೋಲ್‌ಗೆ ದಾಟು, ಮತ್ತೆ ತೂಕಕ್ಕೆ ತಿರುಗಿಸು. ಎರಡು ವಸ್ತುಗಳ ತೂಕ ಕೊಟ್ಟಿದ್ದರೆ ಯಾವುದು ಮೊದಲು ಖಾಲಿಯಾಗುತ್ತದೆ ಎಂದು ನೋಡು. ಕೆಜಿಯನ್ನು ಗ್ರಾಂ ಮಾಡುವುದನ್ನು ಮರೆತು ಸಾವಿರ ಪಟ್ಟು ತಪ್ಪು ಮಾಡುವವರೇ ಹೆಚ್ಚು. ಪ್ರತಿ ಸಂಖ್ಯೆಯ ಪಕ್ಕ ಅದು ಯಾವುದರ ಗ್ರಾಂ, ಯಾವುದರ ಮೋಲ್ ಎಂದು ಬರೆಯುವ ಅಭ್ಯಾಸ ಒಂದಿದ್ದರೆ ಅರ್ಧ ತಪ್ಪು ತಾನೇ ನಿಲ್ಲುತ್ತದೆ. ‘5’ ಎಂದು ಬರೆದು ಬಿಟ್ಟರೆ ಐದು ನಿಮಿಷದಲ್ಲಿ ಅದು ಏನೆಂದು ಬರೆದವರಿಗೇ ತಿಳಿಯುವುದಿಲ್ಲ. ಉದ್ರಿ ಪುಸ್ತಕದಲ್ಲಿ ಹೆಸರಿಲ್ಲದೆ ಬರೀ ಮೊತ್ತ ಬರೆದಂತೆ.

ಸರ್ಕಾರಿ ಪಿಯು ಕಾಲೇಜುಗಳಲ್ಲಿ ಮೊದಲ ಎರಡು ವಾರ ಈ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷ್ ಪದಗಳನ್ನು ಜೋಡಿಸಿದರೆ ಪಠ್ಯಕ್ರಮವೇನೂ ಹಿಂದೆ ಬೀಳುವುದಿಲ್ಲ. ಗೊಬ್ಬರದಂಗಡಿಯಿಂದ ಖಾಲಿ ಯೂರಿಯಾ ಚೀಲ ಒಂದನ್ನು ತರಗತಿಗೆ ತರುವುದಕ್ಕೆ ಅನುದಾನವೂ ಬೇಕಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಪೇಟೆಯ ವರ್ತಕರೂ ಇರುತ್ತಾರೆ. ಕಟ್ಟಡ, ಬಣ್ಣ, ಧ್ವಜಕಂಬದ ಜೊತೆಗೆ ಇದನ್ನೂ ಒಮ್ಮೆ ಕೇಳಬಹುದು.

ಕೃಷಿ ಇಲಾಖೆಗೂ ಒಂದು ಕೆಲಸ ಇದೆ. ಗೊಬ್ಬರದಂಗಡಿಗಳಲ್ಲಿ ದಾಸ್ತಾನು ಮತ್ತು ದರದ ಫಲಕ ಹಾಕಬೇಕೆಂಬ ನಿಯಮ ಈಗಾಗಲೇ ಇದೆ. ಅದೇ ಫಲಕದಲ್ಲಿ ಇನ್ನೊಂದು ಅಂಕಣ ಸೇರಿಸಿ, ಪ್ರತಿ ಚೀಲ ಮತ್ತು ಬಾಟಲಿಯಲ್ಲಿ ಎಷ್ಟು ಕೆಜಿ ಸಾರಜನಕ, ಕೆಜಿಗೆ ಎಷ್ಟು ರೂಪಾಯಿ ಬಿತ್ತು ಅಂತ ಬರೆಸಿದರೆ ಸಾಕು. ಯೂರಿಯಾ 20.7 ಕೆಜಿ, ಡಿಎಪಿ 9 ಕೆಜಿ, ನ್ಯಾನೋ 0.02 ಕೆಜಿಯೋ 0.1 ಕೆಜಿಯೋ, ಬಾಟಲಿ ಮೇಲೆ ಇರುವುದು. ಅಷ್ಟನ್ನು ಓದಿಕೊಂಡ ರೈತ ಬಾಟಲಿ ಬೇಕೋ ಬೇಡವೋ ತಾನೇ ತೀರ್ಮಾನಿಸುತ್ತಾನೆ, ಅಂಗಡಿಯವರಿಗೂ ಮೇಲಿನವರಿಗೆ ತೋರಿಸಲು ಒಂದು ಆಧಾರ ಸಿಗುತ್ತದೆ.